ಈರ್ಯಾಸಮಿತಿಯೂ ಸೈಕಲ್ಲಿನ ದಾರಿಯೂ

ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಐದು ಸಮಿತಿಗಳು ಸೇರಿವೆ. ಆ ಐದರಲ್ಲಿ ಮೊದಲನೆಯದು ಈರ್ಯಾಸಮಿತಿ. ನೊಗದುದ್ದ, ಎಂದರೆ ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಹಗಲಿನ ಬೆಳಕಿನಲ್ಲಿ, ಜನ ದನ ನಡೆದಾಡಿದ ಹಾದಿಯಲ್ಲಿ, ತಕ್ಕ ಕಾರ್ಯವಿದ್ದಾಗ ಮಾತ್ರ ಹೆಜ್ಜೆಯಿಡಬೇಕೆಂಬುದು ಅದರ ತಾತ್ಪರ್ಯ. ಮೂಲಾಚಾರವು ಇದನ್ನು ಮಾರ್ಗಶುದ್ಧಿ, ಉದ್ಯೋತಶುದ್ಧಿ, ಉಪಯೋಗಶುದ್ಧಿ, ಆಲಂಬನಶುದ್ಧಿ ಎಂದು ನಾಲ್ಕಾಗಿ ಬಿಡಿಸಿದೆ. ಶ್ರಾವಕನಿಗೆ ಈ ಸಮಿತಿಯು ಮಹಾವ್ರತಿಗಳಿಗಿರುವಂತೆ ಕಡ್ಡಾಯವಲ್ಲ. ವ್ಯಾಪಾರ, ಮದುವೆ, ಆಸ್ಪತ್ರೆ, ಕೋರ್ಟು ಎಂದು ಅವನು ತಿರುಗಲೇಬೇಕು. ವಾಹನವಿಲ್ಲದೆ ಅವನ ಸಂಸಾರ ಸಾಗದು. ಆದರೆ ವಾಹನವೇರಿದೊಡನೆ ಸಮಿತಿಯ ಮಾತೇ ಮುಗಿದುಹೋಯಿತೆ, ಇಲ್ಲವೆ ವಾಹನಗಳಲ್ಲಿಯೂ ತರತಮಗಳುಂಟೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಬಾದಾಮಿಯಿಂದ ಕೂಡಲಸಂಗಮದವರೆಗೆ ಮಲಪ್ರಭೆಯ ಬಯಲಿನಲ್ಲಿ ಸೈಕಲ್ ತುಳಿದು ಹೋಗುವವರನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಪ್ರಶ್ನೆ ಬರಿಯ ತರ್ಕವಾಗಿ ಉಳಿಯುವುದಿಲ್ಲ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸುಮಾರು ೩೦೦ ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಈ ಹರಿವಿನ ಕೊನೆಯ ಭಾಗದಲ್ಲಿ ಒಂದೆಡೆ ಕೆಂಪು ಮರಳುಗಲ್ಲಿನ ಗುಡ್ಡಗಳು, ಇನ್ನೊಂದೆಡೆ ಎರೆಹೊಲಗಳು. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು ೨೨ ಕಿ.ಮೀ.; ಅಲ್ಲಿಂದ ಐಹೊಳೆಗೆ ಸುಮಾರು ೧೩ ಕಿ.ಮೀ.; ಐಹೊಳೆಯಿಂದ ಅಮೀನಗಡದ ಮೇಲೆ ಹಾದು ಸಂಗಮಕ್ಕೆ ಹೆಚ್ಚುಕಡಿಮೆ ಮತ್ತೆ ಅಷ್ಟೇ ದೂರ. ಒಟ್ಟಿನಲ್ಲಿ ಎಪ್ಪತ್ತು ಕಿ.ಮೀ. ಆಸುಪಾಸಿನ ದಾರಿ. ಬೆಳಗಿನ ಹೊತ್ತು ಪ್ರವಾಸಿಗರ ಕಾರುಗಳು ಹೊರಡುವ ಮುನ್ನ ಇಲ್ಲಿ ಕಾಣುವುದು ಹೊಲಕ್ಕೆ ಹೋಗುವ ಚಕ್ಕಡಿ, ಹಾಲಿನ ಕ್ಯಾನು ಕಟ್ಟಿದ ದ್ವಿಚಕ್ರ, ಶಾಲೆಗೆ ನಡೆದುಹೋಗುವ ಮಕ್ಕಳು, ಆಡಿನ ಹಿಂಡು, ಇಷ್ಟೇ. ಬಿಳಿಜೋಳ, ಕಡಲೆ, ಸೂರ್ಯಕಾಂತಿಗಳ ನಡುವೆ ಹಾದಿ ಹೆಚ್ಚು ಏರಿಳಿತವಿಲ್ಲದೆ ಸಾಗುತ್ತದೆ. ಸೈಕಲ್ ಸವಾರನ ಕಿವಿಗೆ ಬೀಳುವುದು ಸರಪಳಿಯ ಸಣ್ಣ ಸದ್ದು ಮತ್ತು ಹೊಲದೊಳಗಿನ ಕೌಜುಗದ ಕೂಗು. ಹ್ಯಾಂಡಲಿಗೆ ಹಾಡಿನ ಪೆಟ್ಟಿಗೆ ತೂಗುಹಾಕಿಕೊಂಡು ಬರುವ ತರುಣರೂ ಈಚೆಗೆ ಕಾಣುತ್ತಾರೆ. ಅವರು ಇಷ್ಟು ದೂರ ಬಂದುದು ಯಾವುದಕ್ಕೆಂದು ತಿಳಿಯುವುದು ಕಷ್ಟ.

ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಮುನಿಯ ನಡಿಗೆ ಗಂಟೆಗೆ ೪ ಕಿ.ಮೀ. ಎಂದಿಟ್ಟುಕೊಳ್ಳೋಣ. ನಾಲ್ಕು ಮೊಳ ಎಂದರೆ ಆರು ಅಡಿ. ಆ ನಡಿಗೆಯಲ್ಲಿ ಆರು ಅಡಿ ದಾಟಲು ಒಂದೂವರೆ ಸೆಕೆಂಡಿಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಕಣ್ಣು ಕಂಡದ್ದನ್ನು ಮನಸ್ಸು ಗ್ರಹಿಸಿ, ಕಾಲು ತಡೆದು ನಿಲ್ಲಲು ಅಷ್ಟು ಅವಕಾಶವಿರಲೆಂಬ ವಿವೇಕ ಆ ನಾಲ್ಕು ಮೊಳದಲ್ಲಿ ಅಡಗಿದೆ. ನಿಧಾನವಾಗಿ ತುಳಿಯುವ ಸೈಕಲ್ ಗಂಟೆಗೆ ೧೨ ಕಿ.ಮೀ. ಹೋಗುತ್ತದೆ. ಅದೇ ಅವಕಾಶ ಸಿಗಬೇಕಾದರೆ ಸವಾರನು ಹನ್ನೆರಡು ಮೊಳ, ಎಂದರೆ ೧೮ ಅಡಿ ಮುಂದೆ ನೋಡಬೇಕು. ಹದಿನೆಂಟು ಅಡಿಯಲ್ಲಿ ಸಾವಿರಕಾಲಿನ ಹುಳ, ಕಪ್ಪೆ, ಕಂಬಳಿಹುಳ, ಇರುವೆಯ ಸಾಲು ಎಲ್ಲವೂ ನೆಟ್ಟ ಕಣ್ಣಿಗೆ ಕಾಣುತ್ತವೆ. ಕಾರು ಗಂಟೆಗೆ ೮೦ ಕಿ.ಮೀ. ವೇಗದಲ್ಲಿದ್ದರೆ ಅದೇ ಲೆಕ್ಕಕ್ಕೆ ೮೦ ಮೊಳ, ೧೨೦ ಅಡಿ ಬೇಕು. ಅಷ್ಟು ದೂರದ ಕಪ್ಪೆಯನ್ನು ಕಾಣುವ ಕಣ್ಣು ಮನುಷ್ಯನಿಗಿಲ್ಲ. ಕಂಡರೂ ಅಷ್ಟು ಬೇಗ ಆ ಯಂತ್ರ ನಿಲ್ಲದು. ಕಾರಿನಲ್ಲಿ ಕುಳಿತವನು ಕ್ರೂರಿಯೆಂದು ಇದರಿಂದ ಹೇಳಿದಂತಾಗಲಿಲ್ಲ. ಅವನಿಗೆ ನೋಡುವ ಸಾಧ್ಯತೆಯೇ ಇಲ್ಲದಂತಹ ಆಸನವೊಂದನ್ನು ಅವನು ಆರಿಸಿಕೊಂಡಿದ್ದಾನೆ, ಅಷ್ಟೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದಕ್ಕೆ ಪ್ರಧಾನ ಸ್ಥಾನ ಕೊಟ್ಟಿರುವುದನ್ನು ಬಲ್ಲವರಿಗೆ ಈ ಆಯ್ಕೆ ಚಿಕ್ಕ ಸಂಗತಿಯಾಗಿ ತೋರಲಾರದು.

ಸೈಕಲ್ ನಿರ್ದೋಷಿ ಎಂದು ಹೊಗಳುವುದೂ ಸಲ್ಲದು. ಅದರ ಉಕ್ಕು ಗಣಿಯಿಂದ ಬಂದದ್ದು; ಅದರ ಗಾಲಿಯೂ ನೆಲವನ್ನು ಒತ್ತುತ್ತದೆ. ಆದರೂ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡನ್ನೇ ಹಿಡಿಯುವುದರಿಂದ ಅದು ನೆಲದ ಮೇಲೆ ಎಳೆಯುವ ಗೆರೆ ಎರಡು ಬೆರಳಿನಗಲಕ್ಕಿಂತ ಹೆಚ್ಚಿಲ್ಲ. ಆ ಗೆರೆಯನ್ನು ಒಂದು ಗೇಣು ಆಚೀಚೆ ಸರಿಸುವುದು ಸವಾರನ ಕೈಯಲ್ಲಿದೆ. ಎದುರಿನಿಂದ ಲಾರಿ ಬರುತ್ತಿದ್ದರೆ, ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತಿದ್ದರೆ ಆ ಒಂದು ಗೇಣು ಅವನಿಗೆ ದಕ್ಕದು. ಆಗ ಅವನ ಕಣ್ಣು ತನ್ನ ಪ್ರಾಣವನ್ನು ಕಾಯುವುದರಲ್ಲಿಯೇ ಮುಳುಗಿರುತ್ತದೆ, ನೆಲದ ಮೇಲಿನ ಪ್ರಾಣಿಯತ್ತ ಹೊರಳುವುದಿಲ್ಲ. ಹೀಗಾಗಿ ವಾಹನಗಳಿಲ್ಲದ ದಾರಿ ಎಂಬುದು ಸವಾರನ ಸುಖಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮೂಲಾಚಾರದ ಮಾರ್ಗಶುದ್ಧಿಯು ಉಪಯೋಗಶುದ್ಧಿಗೆ ಆಸರೆಯಾಗುವುದು ಈ ರೀತಿಯಲ್ಲಿ.

ಈ ಭಾಗದಲ್ಲಿ ಸುಗ್ಗಿಯ ಕಾಲಕ್ಕೆ ಒಂದು ವಿಶೇಷ ಪರೀಕ್ಷೆಯೂ ಎದುರಾಗುತ್ತದೆ. ಕಣ ಮಾಡುವ ಪದ್ಧತಿ ಕಡಿಮೆಯಾದ ಮೇಲೆ ರೈತರು ಹುರುಳಿ, ತೊಗರಿ, ಜೋಳಗಳನ್ನು ಡಾಂಬರಿನ ಮೇಲೆಯೇ ಹರಡುತ್ತಾರೆ. ಹೋಗಿಬರುವ ವಾಹನಗಳ ಗಾಲಿಯೇ ಅವರ ರೋಣಗಲ್ಲು. ಕಾರು, ಬಸ್ಸುಗಳು ಅದರ ಮೇಲೆ ಹಾಯಲೆಂದೇ ಅವರ ಅಪೇಕ್ಷೆ. ಸೈಕಲ್ಲಿಗೆ ಮಾತ್ರ ಅದು ತೊಡಕು. ಹುರುಳಿಯ ಹೊಟ್ಟು ಸರಪಳಿಗೆ ಸುತ್ತಿಕೊಳ್ಳುತ್ತದೆ, ಗಾಲಿ ಜಾರುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ದಾರಿ. ಆ ಹುಲ್ಲಿನಡಿಯಲ್ಲಿ ಕಾಳು ಹುಡುಕಿ ಬಂದ ಹುಳಹುಪ್ಪಡಿಗಳು ಎಷ್ಟಿರುತ್ತವೆ ಎಂಬುದು ಇಳಿದು ನಡೆದವನಿಗೆ ತಿಳಿಯುತ್ತದೆ. ಧಾನ್ಯದ ವ್ಯಾಪಾರ ಮಾಡುವ ಶ್ರಾವಕರು ಅಂಗಡಿಯಲ್ಲಿ ಕಾಳನ್ನು ಜರಡಿ ಹಿಡಿದು ಶೋಧಿಸುತ್ತಾರೆ. ಅದು ಅಂಗಡಿಗೆ ಬರುವ ಮೊದಲು ಹಾದುಬಂದ ಈ ಘಟ್ಟವನ್ನು ನೋಡಿದವರು ಅವರಲ್ಲಿ ವಿರಳ.

ನಿಧಾನದ ಮತ್ತೊಂದು ಲಾಭ ನಮ್ಮ ಸಮಾಜಕ್ಕೆ ನೇರವಾಗಿ ಸಂಬಂಧಿಸಿದೆ. ಯಾತ್ರೆಯ ಬಸ್ಸುಗಳು ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮಗಳನ್ನು ಒಂದೇ ಹಗಲಿನಲ್ಲಿ ಮುಗಿಸುತ್ತವೆ. ಅವಸರದಲ್ಲಿ ಮೊದಲು ಕೈಬಿಟ್ಟುಹೋಗುವವು ಜೈನ ನೆಲೆಗಳೇ. ಬಾದಾಮಿಯ ನಾಲ್ಕನೆಯ ಗುಹೆ ಎಲ್ಲಕ್ಕಿಂತ ಮೇಲಿದೆ. ಮೂರನೆಯ ಗುಹೆಯಲ್ಲಿಯೇ ದಣಿದು ಕುಳಿತವರಿಗೆ ಅಲ್ಲಿನ ಪಾರ್ಶ್ವನಾಥನೂ ಬಾಹುಬಲಿಯೂ ಕಾಣಸಿಗುವುದಿಲ್ಲ. ಪಟ್ಟದಕಲ್ಲಿನ ಜೈನ ಬಸದಿ ರಾಷ್ಟ್ರಕೂಟರ ಕಾಲದ್ದು, ಒಂಬತ್ತನೆಯ ಶತಮಾನದ್ದು. ೧೯೮೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ದೇಗುಲಗಳಲ್ಲಿ ಅದೂ ಒಂದಾದರೂ ಮುಖ್ಯ ಸಮೂಹದಿಂದ ದೂರವಾಗಿ, ಬಾದಾಮಿಯ ರಸ್ತೆಯ ಬದಿಯಲ್ಲಿ ಒಂಟಿಯಾಗಿ ನಿಂತಿದೆ. ಬಸ್ಸಿನವರಿಗೆ ಅದು ಕಿಟಕಿಯಲ್ಲಿ ಸರಿದುಹೋಗುವ ಕಲ್ಲುಕಟ್ಟಡ. ಬಾದಾಮಿಯಿಂದ ತುಳಿದು ಬಂದವನಿಗೆ ಮೊದಲು ಎದುರಾಗುವುದೇ ಅದು. ನೆರಳಿಗಾಗಿಯಾದರೂ ಅವನು ನಿಲ್ಲುತ್ತಾನೆ, ನಿಂತಾಗ ಬಾಗಿಲ ಇಕ್ಕೆಲದ ಕಲ್ಲಿನ ಆನೆಗಳನ್ನು ನೋಡುತ್ತಾನೆ. ಐಹೊಳೆಯಲ್ಲಿಯೂ ಹೀಗೆಯೇ. ದುರ್ಗದ ಗುಡಿಯ ಮುಂದೆ ಜನ ನೆರೆಯುತ್ತಾರೆ. ಗುಡ್ಡದ ಮೇಲಿನ ಮೇಗುತಿ ಜಿನಾಲಯವನ್ನು ಹತ್ತುವವರು ಕೆಲವರೇ. ಶಕವರ್ಷ ೫೫೬, ಕ್ರಿ.ಶ. ೬೩೪ರಲ್ಲಿ ಅದನ್ನು ಕಟ್ಟಿಸಿದ ಕವಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಅದರ ಗೋಡೆಯ ಮೇಲೆ ಬರೆಸಿ, ಕಾಳಿದಾಸ ಭಾರವಿಯರ ಹೆಸರನ್ನೂ ಅಲ್ಲಿಯೇ ತಂದಿದ್ದಾನೆ. ಅದೇ ಗುಡ್ಡದ ಬದಿಯ ಜೈನ ಗುಹೆಯಲ್ಲಿ ಬಳ್ಳಿ ಹಬ್ಬಿದ ಬಾಹುಬಲಿಯಿದ್ದಾನೆ. ೯೮೧ರ ಶ್ರವಣಬೆಳಗೊಳದ ಮೂರ್ತಿಗಿಂತ ಆತ ಮುನ್ನೂರು ವರ್ಷಗಳಷ್ಟು ಹಿರಿಯ.

ಸೈಕಲ್ ಸವಾರಿಯನ್ನು ಸ್ಪರ್ಧೆಯೆಂದಲ್ಲದೆ ಆಚಾರವೆಂದು ಕಂಡ ಒಬ್ಬ ವ್ಯಾಪಾರಿ ದೂರದ ಫ್ರಾನ್ಸಿನಲ್ಲಿದ್ದನು. ಪೌಲ್ ದ ವಿವಿ ಎಂಬುದು ಅವನ ಹೆಸರು. ವೆಲೋಸಿಯೋ ಎಂಬ ಅಂಕಿತದಿಂದ ಬರೆಯುತ್ತಿದ್ದನು. ೧೮೫೩ರಲ್ಲಿ ಹುಟ್ಟಿ, ಲ್ವಾರ್ ನದಿಗೆ ಸಮೀಪದ ಸಾಂತ್ ಎತಿಯೆನ್ ಪಟ್ಟಣದಲ್ಲಿ ರೇಷ್ಮೆಯ ವ್ಯಾಪಾರ ಮಾಡಿಕೊಂಡಿದ್ದವನು. ಇಳಕಲ್ಲಿನ ಸೀರೆಯ ವರ್ತಕರಿಗೆ ಈ ವೃತ್ತಿ ಅಪರಿಚಿತವಲ್ಲ. ೧೮೮೭ರಲ್ಲಿ ಅವನು ಸೈಕಲ್ ಪ್ರವಾಸಕ್ಕೆಂದೇ ಒಂದು ಪತ್ರಿಕೆ ಹೊರಡಿಸಿದನು. ಮುಂದೆ ವ್ಯಾಪಾರವನ್ನೂ ಬಿಟ್ಟು ಅದರಲ್ಲಿಯೇ ತೊಡಗಿದನು. ಏರಿನಲ್ಲಿ ಹಗುರಾಗಿ ತುಳಿಯಲು ನೆರವಾಗುವ ಗೇರುಗಳ ಬಳಕೆಗಾಗಿ ವಾದಿಸಿದವರಲ್ಲಿ ಅವನು ಪ್ರಮುಖ. ನಮ್ಮವರ ಗಮನ ಸೆಳೆಯಬೇಕಾದುದು ಬೇರೆ: ಮಾಂಸವೇ ಊಟವೆನಿಸಿದ ನಾಡಿನಲ್ಲಿ ಅವನು ಸಸ್ಯಾಹಾರಿಯಾಗಿದ್ದನು. ಸವಾರರಿಗಾಗಿ ಅವನು ಹಾಕಿಕೊಟ್ಟ ಏಳು ನಿಯಮಗಳಲ್ಲಿ ಪ್ರವಾಸದಲ್ಲಾದರೂ ಮದ್ಯ, ಮಾಂಸ, ತಂಬಾಕುಗಳನ್ನು ವರ್ಜಿಸಬೇಕೆಂಬುದು ಒಂದು. ಒಣಪ್ರತಿಷ್ಠೆಗಾಗಿ ಎಂದೂ ತುಳಿಯಬಾರದೆಂಬುದು ಇನ್ನೊಂದು. ಮೊದಲನೆಯದನ್ನು ಜೈನ ಮನೆಗಳಲ್ಲಿ ಹೇಳಿಕೊಡಬೇಕಾಗಿಲ್ಲ. ಎರಡನೆಯದು ಮಾನಕಷಾಯದ ಮಾತು; ಎಷ್ಟು ಕಿ.ಮೀ. ಆಯಿತು, ಸರಾಸರಿ ವೇಗವೆಷ್ಟು ಎಂದು ಕೈಗಡಿಯಾರವನ್ನೇ ನೋಡುತ್ತ ಸಾಗುವ ಇಂದಿನ ತರುಣರಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಗಂಟೆಗೆ ೩೦ ಕಿ.ಮೀ. ತುಳಿಯುವವನಿಗೆ ಮೂವತ್ತು ಮೊಳ ಮುಂದಿನ ನೆಲ ಬೇಕು. ತಲೆ ಬಗ್ಗಿಸಿ ಗಡಿಯಾರ ನೋಡುವವನಿಗೆ ಒಂದು ಮೊಳವೂ ಕಾಣದು. ೧೯೩೦ರಲ್ಲಿ ವೆಲೋಸಿಯೋ ತನ್ನ ಊರಿನ ಬೀದಿಯಲ್ಲಿಯೇ ಟ್ರಾಮಿನ ಆಘಾತಕ್ಕೆ ಸಿಕ್ಕು ತೀರಿಕೊಂಡನು. ಅವನ ಕಾಲಾನಂತರ ಫ್ರೆಂಚರು ಲ್ವಾರ್ ನದಿಯ ಗುಂಟ ಸುಮಾರು ೯೦೦ ಕಿ.ಮೀ. ಉದ್ದದ ಸೈಕಲ್ ಮಾರ್ಗವನ್ನು ಗುರುತಿಸಿ, ಹಳ್ಳಿಯ ಕಿರುದಾರಿಗಳನ್ನೂ ದಂಡೆಯ ಕಾಲುದಾರಿಗಳನ್ನೂ ಅದಕ್ಕೆ ಜೋಡಿಸಿದರು. ಮಲಪ್ರಭೆಯ ಬಯಲಿಗೆ ಅಂತಹ ಫಲಕಗಳಿಲ್ಲ. ದಾರಿಗಳು ಮಾತ್ರ ಇವೆ.

ಇನ್ನು ಆಲಂಬನಶುದ್ಧಿ; ತೊಡಕಿರುವುದು ಇಲ್ಲಿಯೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ಪ್ರಮಾದಚರ್ಯೆಯ ಅಡಿಯಲ್ಲಿ ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕೊಯ್ಯುವುದು ಇವುಗಳ ಜೊತೆಗೆ ನಿಷ್ಕಾರಣವಾಗಿ ತಿರುಗುವುದನ್ನೂ ತಿರುಗಿಸುವುದನ್ನೂ ಸೇರಿಸಿದ್ದಾರೆ. ಹಾಗಾದರೆ ಅಂಗಡಿಗೆ ರಜೆಯಿದ್ದ ದಿನ, ಯಾವ ಕೆಲಸವೂ ಇಲ್ಲದೆ, ಕೇವಲ ಸಂತೋಷಕ್ಕಾಗಿ ಎಪ್ಪತ್ತು ಕಿ.ಮೀ. ತುಳಿಯುವುದು ಏನಾಯಿತು? ನಡುವೆ ಎರಡು ಬಸದಿಗಳಿವೆ, ಆದ್ದರಿಂದ ಇದು ತೀರ್ಥಯಾತ್ರೆ ಎಂದು ಹೇಳಿ ಪಾರಾಗಬಹುದು. ಅಂತಹ ಜಮಾಖರ್ಚು ಖಾತೆಪುಸ್ತಕ ಬರೆಯುವವರಿಗೆ ಹೊಸದಲ್ಲ. ಮನೆಯ ಖರ್ಚನ್ನು ಅಂಗಡಿಯ ಲೆಕ್ಕಕ್ಕೆ ಬರೆಯುವ ಚಾತುರ್ಯವದು. ಪ್ರಾಮಾಣಿಕವಾದ ಲೆಕ್ಕ ಬೇರೆ ತೆರನಾಗಿರುತ್ತದೆ. ಕಾರಿನಲ್ಲಿ ಹೋಗಬೇಕಾಗಿದ್ದ ದಾರಿಯನ್ನು ಸೈಕಲ್ಲಿನಲ್ಲಿ ಹೋದರೆ ಅದು ಉಳಿತಾಯ. ಮನೆಯಲ್ಲಿಯೇ ಇರಬಹುದಾಗಿದ್ದ ದಿನ ಸೈಕಲ್ಲೇರಿ ಹೊರಟರೆ ಅದು ಚಿಕ್ಕದಾದರೂ ಖರ್ಚು. ಇನ್ನು ಬೆಂಗಳೂರಿನಿಂದ ಕಾರಿನ ನೆತ್ತಿಗೆ ಸೈಕಲ್ ಕಟ್ಟಿಕೊಂಡು ೪೫೦ ಕಿ.ಮೀ. ಹೆದ್ದಾರಿಯಲ್ಲಿ ಧಾವಿಸಿ ಬಂದು, ಬಾದಾಮಿಯಲ್ಲಿ ಇಳಿಸಿ, ನಿಶ್ಶಬ್ದವಾದ ದಾರಿಯಲ್ಲಿ ಅಹಿಂಸೆಯಿಂದ ಎಪ್ಪತ್ತು ಕಿ.ಮೀ. ತುಳಿಯುವವರ ಖಾತೆಯಲ್ಲಿ ಖರ್ಚಿನ ಬದಿಯೇ ಭಾರವಾಗಿದೆ. ತಾವು ಅರಸಿಬಂದ ನಿಶ್ಶಬ್ದವನ್ನು ದಾರಿಯುದ್ದಕ್ಕೂ ಬೇರೆ ಊರುಗಳಿಂದ ಕಸಿದುಕೊಂಡೇ ಅವರು ಬಂದಿರುತ್ತಾರೆ. ಗದಗ–ಹೊಟಗಿ ಮಾರ್ಗದಲ್ಲಿ ಬಾದಾಮಿಗೆ ರೈಲು ನಿಲ್ದಾಣವಿದೆ. ಸೈಕಲ್ಲನ್ನು ಸಾಮಾನಿನ ಡಬ್ಬಿಗೆ ಹಾಕಿಸಿ ಬರುವುದು ತುಸು ತೊಂದರೆಯ ಕೆಲಸ. ಆ ತೊಂದರೆ ಪಟ್ಟವರ ಲೆಕ್ಕ ಮಾತ್ರ ಸರಿಹೊಂದುತ್ತದೆ.

ಆದರೂ ಸಂತೋಷವೇ ನಿಷಿದ್ಧವೆಂದು ಆಚಾರ್ಯರ ಮಾತನ್ನು ಬಗೆಯುವುದು ಸರಿಯಲ್ಲವೆನಿಸುತ್ತದೆ. ಅವರು ತಡೆದದ್ದು ನಿಷ್ಪ್ರಯೋಜಕವಾದ ಘಾತವನ್ನು. ಚಿತ್ತವು ಶಾಂತವಾಗಿ, ಕಣ್ಣು ನೆಲಕ್ಕೆ ನೆಟ್ಟು, ಗೃಹಸ್ಥನೊಬ್ಬನು ಆರು ಗಂಟೆಗಳ ಕಾಲ ಪ್ರತಿಯೊಂದು ಹುಳುವನ್ನೂ ಬಳಸಿ ಸಾಗಲು ಕಲಿಯುವುದಾದರೆ, ಪ್ರಯೋಜನವಿಲ್ಲವೆಂದು ಅದನ್ನು ತಳ್ಳಿಹಾಕುವುದು ಕಷ್ಟ. ಕಲಿಯದಿದ್ದರೆ ಆಚಾರ್ಯರ ಮಾತು ಅವನಿಗೆ ಪೂರ್ತಿಯಾಗಿ ಅನ್ವಯಿಸುತ್ತದೆ.

ಕಾಲದ ವಿವೇಚನೆಯೂ ಬೇಕು. ಮುನಿಗಳು ವರ್ಷಾಯೋಗದಲ್ಲಿ ಒಂದೆಡೆ ನಿಲ್ಲುವುದು ಹಾದಿಯಲ್ಲಿ ಜೀವಗಳು ತುಂಬಿರುತ್ತವೆಂಬ ಕಾರಣಕ್ಕೆ. ಮೃಗಶಿರಾ ಮಳೆ ಬಿದ್ದೊಡನೆ ನೆಲದಿಂದ ಹೊರಬರುವ ಕೆಂಪು ಮಖಮಲ್ಲಿನಂತಹ ಹುಳುಗಳನ್ನು ಈ ಸೀಮೆಯಲ್ಲಿ ನೋಡಿದವರಿಗೆ ಆ ಕಾರಣವನ್ನು ವಿವರಿಸಬೇಕಾಗಿಲ್ಲ. ಪ್ರವಾಸದ ಪುಸ್ತಕಗಳು ಮಳೆಗಾಲದ ಹಸಿರನ್ನು ಎಷ್ಟೇ ಹೊಗಳಲಿ, ಶ್ರಾವಕನ ಸೈಕಲ್ ಆಗ ಗೋಡೆಗೆ ಒರಗಿರುವುದೇ ಮೇಲು. ನದಿಯೂ ಆಗ ನಂಬಿಕೆಗೆ ಅರ್ಹವಲ್ಲ. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳೇ ನೀರಿನಲ್ಲಿ ನಿಂತಿದ್ದವು. ಮಳೆ ಮುಗಿದ ಮೇಲೆ ಕಬ್ಬಿನ ಕಾಲ. ಸಕ್ಕರೆ ಕಾರ್ಖಾನೆಗಳ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು, ಧ್ವನಿವರ್ಧಕದಲ್ಲಿ ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರುಗಳ ಮುಂದೆ ನಿಶ್ಶಬ್ದದ ಮಾತನ್ನೇ ಎತ್ತುವಂತಿಲ್ಲ. ಪುಷ್ಯಮಾಸದಲ್ಲಿ ಬನಶಂಕರಿಯ ಜಾತ್ರೆಯಿರುವಾಗ ಬಾದಾಮಿಯ ಸುತ್ತ ಕಾಲಿಡಲೂ ಎಡೆಯಿರುವುದಿಲ್ಲ. ಇವೆಲ್ಲವನ್ನು ಕಳೆದು ಉಳಿಯುವ ದಿನಗಳು ಹೆಚ್ಚಿಲ್ಲ. ಉಳಿದ ದಿನಗಳಲ್ಲಿಯೂ ಮುಂಜಾವು ಮತ್ತು ಕಬ್ಬು ಬೆಳೆಯದ ಮಡ್ಡಿನೆಲದ ದಾರಿಗಳನ್ನೇ ನೆಚ್ಚಬೇಕು.

ಒಳದಾರಿಯ ಬೆಲೆ ತಿಳಿಯುವುದು ಹೆದ್ದಾರಿಗೆ ಬಂದಾಗ. ಅಮೀನಗಡದ ಕಡೆಯಿಂದ ಸಂಗಮಕ್ಕೆ ಹೋಗುವವರು ವಿಜಯಪುರ ಹೊಸಪೇಟೆಗಳನ್ನು ಕೂಡಿಸುವ ೫೦ನೆಯ ರಾಷ್ಟ್ರೀಯ ಹೆದ್ದಾರಿಯನ್ನು ದಾಟಲೇಬೇಕು. ಹಿಂದೆ ಇದು ೧೩ನೆಯದೆಂದು ಹೆಸರಾಗಿತ್ತು. ಇಳಕಲ್ಲಿನ ಕೆಂಪು ಗ್ರಾನೈಟಿನ ದಿಂಡುಗಳನ್ನು ಹೊತ್ತ ಲಾರಿಗಳು ಅಲ್ಲಿ ಒಂದರ ಹಿಂದೊಂದು ಓಡುತ್ತವೆ. ಸೈಕಲ್ ಸವಾರನು ಕೆಲವು ನಿಮಿಷ ಕಾದು, ದಾಟಿ, ಮತ್ತೆ ಹಳ್ಳಿಯ ದಾರಿ ಹಿಡಿಯುತ್ತಾನೆ. ಆದರೆ ಅಂತಹ ಹೆದ್ದಾರಿಗಳ ಅಂಚಿನಲ್ಲಿಯೇ ದಿನಗಟ್ಟಲೆ ನಡೆಯುವವರಿದ್ದಾರೆ. ಯುಗಾದಿಗೆ ಮೊದಲು ಶ್ರೀಶೈಲಕ್ಕೆ ಬರಿಗಾಲಿನಲ್ಲಿ ಹೊರಡುವ ಮಲ್ಲಯ್ಯನ ಭಕ್ತರು ಅವರಲ್ಲಿ ಒಂದು ವರ್ಗ. ವಿಹಾರದಲ್ಲಿರುವ ನಮ್ಮ ಮುನಿಗಳು, ಆರ್ಯಿಕೆಯರು ಇನ್ನೊಂದು. ವಿಹಾರಕಾಲದಲ್ಲಿ ವಾಹನ ಬಡಿದು ತ್ಯಾಗಿಗಳು ಪ್ರಾಣ ಬಿಟ್ಟ ಸುದ್ದಿಗಳು ದೇಶದ ನಾನಾ ಕಡೆಗಳಿಂದ ಬರುತ್ತಲೇ ಇವೆ. ಪ್ರತಿ ಸಲವೂ ಸಂತಾಪಸಭೆ ಕೂಡುತ್ತದೆ, ಸರ್ಕಾರಕ್ಕೆ ಮನವಿ ಹೋಗುತ್ತದೆ. ನಾಲ್ಕು ಮೊಳ ಮುಂದಿನ ನೆಲ ನೋಡಿ ನಡೆಯುವವರನ್ನು ಎಂಬತ್ತು ಮೊಳವೂ ಕಾಣದವರ ದಾರಿಗೆ ಕಳುಹಿಸಿದ್ದು ಯಾರೆಂದು ಆ ಸಭೆಗಳಲ್ಲಿ ಯಾರೂ ಕೇಳುವುದಿಲ್ಲ. ವಿಹಾರದ ಮಾರ್ಗವನ್ನು ಗೊತ್ತುಮಾಡುವಲ್ಲಿ ಬಸದಿಯ ಟ್ರಸ್ಟುಗಳ ಕೈಯಿದೆ. ಆಹಾರದ ವ್ಯವಸ್ಥೆಗೆ ಜೀಪು ಬೇಗ ತಲುಪುತ್ತದೆ, ರಸ್ತೆ ಎಲ್ಲರಿಗೂ ಗೊತ್ತು, ದೂರವೂ ತುಸು ಕಡಿಮೆ ಎಂದು ಹೆದ್ದಾರಿಯನ್ನೇ ಆರಿಸುವುದು ಹಲವು ಕಡೆ ರೂಢಿಯಾಗಿದೆ.

ಊರಿನ ತರುಣರು ಸೈಕಲ್ಲಿನ ಮೇಲೆ ಒಂದು ದಿನ ಮುಂಚಿತವಾಗಿ ಹಳ್ಳಿಯ ಒಳದಾರಿಗಳನ್ನು ಸುತ್ತಿ, ಎಲ್ಲಿ ಬಾವಿಯಿದೆ, ಎಲ್ಲಿ ಶಾಲೆಯ ಕಟ್ಟಡ ತಂಗಲು ಸಿಗುತ್ತದೆ, ಯಾವ ಹಳ್ಳದಲ್ಲಿ ನೀರಿದೆ, ಎಲ್ಲಿ ಹೆದ್ದಾರಿಯನ್ನು ದಾಟಬೇಕಾಗುತ್ತದೆ ಎಂದು ಬರೆದುಕೊಂಡು ಬಂದರೆ ಸಾಕು. ವಿಹಾರಕ್ಕೆ ಐದಾರು ಕಿ.ಮೀ. ಹೆಚ್ಚಾಗಬಹುದು, ಆದರೆ ದಾರಿ ದಾರಿಯಾಗಿರುತ್ತದೆ. ಕಾರಿನಲ್ಲಿ ಹೋಗಿ ನೋಡಿದವರಿಗೆ ಈ ಮಾಹಿತಿ ದಕ್ಕದು; ನಡೆದು ನೋಡಿ ಬರಲು ಒಂದು ದಿನ ಸಾಲದು. ಸಮಂತಭದ್ರರ ಕೃತಿಯನ್ನು ಎದುರಿಗಿಟ್ಟು ನಿಷ್ಕಾರಣ ಅಲೆದಾಟವೆ ಎಂದು ಸೈಕಲ್ ಸವಾರರನ್ನು ಕೇಳುವವರಿಗೆ, ಸಕಾರಣವಾದ ತುಳಿತವೊಂದು ಹೀಗೆ ಕೈಗೆಟಕುವಂತಿದೆ. ಮಲಪ್ರಭೆಯ ಬಯಲು ಅದಕ್ಕೆ ಒಳ್ಳೆಯ ಮೊದಲ ಪಾಠಶಾಲೆ.

ಉದ್ಯೋತಶುದ್ಧಿಯ ಮಾತು ಕೊನೆಗೆ ಉಳಿಯಿತು. ರಾತ್ರಿ ಕಾರಿನ ದೀಪಕ್ಕೆ ಮುತ್ತಿ ಗಾಜಿಗೆ ಬಡಿದು ಸತ್ತ ಪತಂಗಗಳನ್ನು ಬೆಳಗಿನಲ್ಲಿ ಒರೆಸಿದವರು ಅದರ ಅರ್ಥವನ್ನು ಬಲ್ಲರು. ಸೈಕಲ್ ಸವಾರನಿಗೆ ಅನಸ್ತಮಿತದ ನಿಯಮವೇ ಕಾವಲು. ಧನುರ್ಮಾಸದಲ್ಲಿ ಇಲ್ಲಿ ಸೂರ್ಯಾಸ್ತ ಆರು ಗಂಟೆಯ ಆಸುಪಾಸಿಗೆ. ಎರಡು ಘಳಿಗೆ ಮೊದಲೇ ಊಟ ಮುಗಿಸುವವರು ಐದರೊಳಗೆ ಸಂಗಮ ತಲುಪಿರಬೇಕು. ಎಪ್ಪತ್ತು ಕಿ.ಮೀ. ತುಳಿಯಲು ಆರು ಗಂಟೆ, ಪಟ್ಟದಕಲ್ಲು ಮೇಗುತಿಗಳಿಗೆ ಮೂರು ಗಂಟೆ ಕಳೆದರೆ ಬೆಳಗಿನ ಏಳಕ್ಕೆ ಹೊರಟವನಿಗೆ ಒಂದು ಗಂಟೆಯ ವಿಶ್ರಾಂತಿ ಮಾತ್ರ ಮಿಕ್ಕುತ್ತದೆ. ಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಬಸವಣ್ಣನವರ ಐಕ್ಯಮಂಟಪವನ್ನು ಬಳಸಿ ನಿಂತಿದೆ. ಸುತ್ತ ಬಾವಿಯಂತೆ ಗೋಡೆ ಎತ್ತಿ ಅದನ್ನು ಕಾಪಾಡಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು. ನದಿಯ ಆಚೆ ದಡದಲ್ಲಿ ನೀಲಾಂಬಿಕೆಯ ಐಕ್ಯಸ್ಥಳವಾದ ತಂಗಡಗಿ. ಅದು ಮುದ್ದೇಬಿಹಾಳ ತಾಲ್ಲೂಕು. ದಿಗ್ವ್ರತಕ್ಕೆ ಎಲ್ಲೆಯಾಗಿ ಹಿಡಿಯಬಹುದಾದ ಗುರುತುಗಳಲ್ಲಿ ಸಮಂತಭದ್ರರು ನದಿಯನ್ನೂ ಹೇಳಿದ್ದಾರೆ. ಆ ದಿನದ ಮಟ್ಟಿಗೆ ಕೃಷ್ಣೆಯನ್ನು ಎಲ್ಲೆಯೆಂದು ನಿಯಮ ಹಿಡಿದು ಹೊರಟವರು ಸೈಕಲ್ಲನ್ನು ದಂಡೆಯ ಮೇಲೆ ನಿಲ್ಲಿಸಿ, ಗಾಲಿಗೆ ಅಂಟಿದ ಎರೆಮಣ್ಣನ್ನು ಕಡ್ಡಿಯಿಂದ ಕೆರೆದು, ಬುತ್ತಿ ಬಿಚ್ಚುತ್ತಾರೆ.